ಗಿಬ್ರಾನ್ ಬಿಟ್ಟರೆ ಅರಬ್ಬೀ ಕಾವ್ಯದಲ್ಲಿ ಇನ್ಯಾರನ್ನು ಓದಬೇಕು?

ಹಳೇಹೊತ್ತಗೆ

ಪುಸ್ತಕದ ಎಳೆಯಲ್ಲಿ ಒಬ್ಬರು ಕೇಳಿದ್ದರು, "ಅರಬ್ಬೀ ಕವಿ ಅಂದ್ರೆ ಖಲೀಲ್ ಗಿಬ್ರಾನ್ ತಾನೇ?" ಅಂತ. ಅಲ್ಲೇ ಉತ್ತರ ಬರೆಯಲು ಹೋದೆ, ಉದ್ದ ಆಯ್ತು. ಅದಕ್ಕೇ ಈ ಹೊಸ ಎಳೆ.

ಗಿಬ್ರಾನ್ ಬಗ್ಗೆ ನನಗೆ ಬೇಸರವಿಲ್ಲ. ಆದರೆ ನಾವೆಲ್ಲ ಓದಿರುವ 'ಪ್ರವಾದಿ'ಯನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ, 1923ರಲ್ಲಿ, ನ್ಯೂಯಾರ್ಕಿನಲ್ಲಿ ಕೂತು. ಅರಬ್ಬೀ ಕಾವ್ಯಕ್ಕೆ ಅಷ್ಟರಲ್ಲಾಗಲೇ ಸಾವಿರದ ನಾನೂರು ವರ್ಷದ ಹತ್ತಿರ ವಯಸ್ಸಾಗಿತ್ತು.

ಶುರು ಮಾಡಬೇಕಾದ್ದು ಇಮ್ರುಲ್ ಕೈಸ್‌ನಿಂದ. ಆರನೇ ಶತಮಾನದವನು, ಇಸ್ಲಾಮಿಗಿಂತ ಹಿಂದಿನವನು. ಕಿಂದಾ ಬುಡಕಟ್ಟಿನ ದೊರೆಯ ಮಗ. ಅವನ ಹೆಸರಾಂತ ಪದ್ಯ ಶುರುವಾಗುವುದೇ ಅಳುವಿನಿಂದ. ಜೊತೆಗಿದ್ದ ಇಬ್ಬರು ಗೆಳೆಯರಿಗೆ ಅವನು ಹೇಳುತ್ತಾನೆ: ನಿಲ್ಲಿ, ಒಬ್ಬ ಪ್ರಿಯೆಯನ್ನೂ ಒಂದು ಬಿಡಾರವನ್ನೂ ನೆನೆದು ಅಳೋಣ, ದಖೂಲ್ ಮತ್ತು ಹೌಮಲ್ ನಡುವೆ ಮರಳುದಿಬ್ಬ ಮುಗಿಯುವ ಈ ಜಾಗದಲ್ಲಿ. ಅವಳ ಕಡೆಯವರು ಡೇರೆ ಕಿತ್ತು ಮುಂದಿನ ನೀರಿನ ತಾಣಕ್ಕೆ ಹೋಗಿಯಾಗಿದೆ. ಉಳಿದಿರುವುದು ನೆಲದ ಮೇಲಿನ ಗುರುತು ಮಾತ್ರ. ಅಂಗಳದಲ್ಲಿ ಜಿಂಕೆಗಳ ಹಿಕ್ಕೆ ಬಿದ್ದಿದೆ. ಅದು ಹೇಗೆ ಕಾಣುತ್ತಿದೆ ಅಂದರೆ, ಕಾಳುಮೆಣಸು ಚೆಲ್ಲಿದ ಹಾಗೆ ಅಂತಾನೆ ಕವಿ.

ಈ ಕಾಳುಮೆಣಸು ನನಗೆ ಬಹಳ ಇಷ್ಟ. ಆಗ ಮೆಣಸು ಬೆಳೆಯುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಕಡೆ. ಅರೇಬಿಯಾದ ಮರಳುಗಾಡಿನ ಅತಿ ಪ್ರಸಿದ್ಧ ಪದ್ಯದ ಮೂರನೇ ಸಾಲಿಗೇ ನಮ್ಮ ಕಡೆಯ ಸರಕು ಬಂದು ಬಿದ್ದಿದೆ ನೋಡಿ.

ಹೀಗೆ ಪಾಳುಬಿದ್ದ ಬಿಡಾರದ ಮುಂದೆ ನಿಂತು ಅಳುವುದು ಮುಂದೆ ಒಂದು ಕಟ್ಟಳೆಯೇ ಆಯಿತು. 'ಕಸೀದಾ' ಎನ್ನುವ ದೊಡ್ಡ ಪದ್ಯದ ನಡಿಗೆ ಹೀಗಿರುತ್ತದೆ: ಮೊದಲು ಬಿಡಾರ ಮತ್ತು ಪ್ರಿಯೆಯ ನೆನಪು, ಆಮೇಲೆ ಒಂಟೆ ಏರಿ ಕಷ್ಟದ ಪಯಣ, ಕೊನೆಗೆ ಅಸಲು ವಿಷಯ. ಅದು ತನ್ನ ಕುಲದ ಹೆಮ್ಮೆ ಇರಬಹುದು, ದೊರೆಯ ಹೊಗಳಿಕೆ ಇರಬಹುದು, ವೈರಿಯ ತೆಗಳಿಕೆ ಇರಬಹುದು. ಒಂದೊಂದು ಸಾಲಿಗೂ ಎರಡು ಅರ್ಧ. ಇಡೀ ಪದ್ಯಕ್ಕೆ ಒಂದೇ ಅಂತ್ಯಪ್ರಾಸ. ಎಂಬತ್ತು ಸಾಲಿದ್ದರೆ ಎಂಬತ್ತೂ ಒಂದೇ ಅಕ್ಷರದಲ್ಲಿ ಮುಗಿಯಬೇಕು.

ಇವನ್ನು ಆಗ ಯಾರೂ ಬರೆದಿಡಲಿಲ್ಲ. 'ರಾವಿ' ಅಂತ ಇರುತ್ತಿದ್ದರು, ಕವಿಯ ಪದ್ಯಗಳನ್ನು ಬಾಯಿಪಾಠ ಮಾಡಿ ಸಂತೆ ಸಂತೆಗೆ ಒಯ್ಯುವವರು. ಎಂಟನೇ ಶತಮಾನದಲ್ಲಿ ಹಮ್ಮಾದ್ ಎನ್ನುವ ರಾವಿ ಏಳು ದೊಡ್ಡ ಪದ್ಯಗಳನ್ನು ಒಟ್ಟು ಮಾಡಿದ. ಅವೇ 'ಮುಅಲ್ಲಕಾತ್', ಅಂದರೆ ತೂಗುಹಾಕಿದವು. ಬಂಗಾರದ ಅಕ್ಷರದಲ್ಲಿ ಬರೆಸಿ ಕಾಬಾದ ಗೋಡೆಗೆ ತೂಗುಹಾಕಿದ್ದರು ಅನ್ನುವುದು ಚೆಂದದ ಕಥೆ, ಅಷ್ಟೇ. 1926ರಲ್ಲಿ ಈಜಿಪ್ಟಿನ ತಾಹಾ ಹುಸೇನ್ ಇನ್ನೂ ಮುಂದೆ ಹೋಗಿ, ಇಸ್ಲಾಮ್‌ಪೂರ್ವದ್ದು ಅಂತ ನಾವು ಓದುವುದರಲ್ಲಿ ಬಹುಪಾಲು ಆಮೇಲಿನವರ ಕೈವಾಡ ಅಂದುಬಿಟ್ಟರು. ದೊಡ್ಡ ರಾದ್ಧಾಂತವಾಯಿತು. ಆ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡು, ತಿದ್ದಿ, ಮರುವರ್ಷ ಬೇರೆ ಹೆಸರಲ್ಲಿ ತರಬೇಕಾಯಿತು.

ಇಷ್ಟು ಹಳೇ ಕಟ್ಟಳೆಯನ್ನು ಗೇಲಿ ಮಾಡುವವನು ಹುಟ್ಟಲೇಬೇಕಲ್ಲ? ಹುಟ್ಟಿದ. ಬಾಗ್ದಾದಿನ ಅಬೂ ನುವಾಸ್, ತೀರಿಕೊಂಡದ್ದು 814ರ ಸುಮಾರಿಗೆ. ತಾಯಿ ಪರ್ಶಿಯಾದವಳು. ಹೆಂಡದ ಮೇಲೆ ಅವನಷ್ಟು ಚೆನ್ನಾಗಿ ಬರೆದವರು ಕಮ್ಮಿ. ಅವನ ಒಂದು ಸಾಲಿನ ತಾತ್ಪರ್ಯ ಇಷ್ಟು: ಆ ಪಾಪಿ ಪಾಳು ಬಿಡಾರವನ್ನು ಮಾತಾಡಿಸಲು ದಾರಿ ಬಿಟ್ಟು ಹೋದ, ನಾನು ಊರಿನ ಹೆಂಡದಂಗಡಿ ಎಲ್ಲಿ ಅಂತ ಕೇಳಲು ಹೋದೆ. ತಮಾಷೆ ಏನೆಂದರೆ, ಈ ಗೇಲಿಯನ್ನೂ ಅವನು ಹಳೇ ಛಂದಸ್ಸಿನಲ್ಲೇ, ಹಳೇ ಪ್ರಾಸದಲ್ಲೇ ಮಾಡಿದ.

ನನ್ನ ವಾದ ಇಷ್ಟೇ. ಅರಬ್ಬೀ ಕಾವ್ಯದಲ್ಲಿ ಕಟ್ಟು ಮುರಿದವರೆಲ್ಲ ಹಳೆಯದನ್ನು ಅರೆದು ಕುಡಿದವರೇ. ಒಪ್ಪದವರು ಬನ್ನಿ, ಮಾತಾಡೋಣ.

ಲಘುಗುರು

ಒಳ್ಳೇ ಎಳೆ. ನಾನು ಛಂದಸ್ಸಿನ ಬಾಗಿಲಿಂದ ಒಳಗೆ ಬರುತ್ತೇನೆ.

ಅರಬ್ಬೀ ಛಂದಸ್ಸನ್ನು ಶಾಸ್ತ್ರ ಮಾಡಿದ್ದು ಬಸ್ರಾ ಊರಿನ ಖಲೀಲ್ ಇಬ್ನ್ ಅಹ್ಮದ್, ಎಂಟನೇ ಶತಮಾನದಲ್ಲಿ. ಮೊದಲ ಅರಬ್ಬೀ ನಿಘಂಟಿನ ಕೆಲಸಕ್ಕೆ ಕೈ ಹಾಕಿದವನೂ ಅವನೇ. ಬಜಾರಿನಲ್ಲಿ ತಾಮ್ರದ ಕೆಲಸದವರ ಸುತ್ತಿಗೆ ಸದ್ದು ಕೇಳಿ ಅವನಿಗೆ ಇದು ಹೊಳೆಯಿತು ಅಂತ ಕಥೆ ಹೇಳುತ್ತಾರೆ. ಅವನು ಗುರುತಿಸಿದ್ದು 15 ವೃತ್ತ, ಆಮೇಲೆ ಅಖ್ಫಶ್ ಎನ್ನುವ ವಿದ್ವಾಂಸ ಒಂದು ಸೇರಿಸಿ 16 ಆಯಿತು.

ಕನ್ನಡದವರಿಗೆ ಇದು ಸುಲಭ. ಅಲ್ಲೂ ಲಘು, ಗುರು. ಅಲ್ಲೂ ದೀರ್ಘ ಬಂದರೆ ಗುರು, ವ್ಯಂಜನದಲ್ಲಿ ನಿಂತರೆ ಗುರು. ನಾವು 'ಯಮಾತಾರಾಜಭಾನಸಲಗಂ' ಅಂತ ನೆನಪಿಟ್ಟುಕೊಂಡ ಹಾಗೆ ಅವರು 'ಫಊಲುನ್', 'ಫಾಇಲುನ್', 'ಮುಸ್ತಫ್ಇಲುನ್' ಅಂತ ಅಚ್ಚುಪದ ಮಾಡಿಕೊಂಡಿದ್ದಾರೆ. 'ಫಊಲುನ್' ಹೇಳಿ ನೋಡಿ. ಲಘು, ಗುರು, ಗುರು. ಅಂದರೆ ನಮ್ಮ ಯಗಣ.

ನಾಲ್ಕು 'ಫಊಲುನ್' ಜೋಡಿಸಿದರೆ ಅವರ 'ಮುತಕಾರಿಬ್'. ನಾಲ್ಕು ಯಗಣ ಜೋಡಿಸಿದರೆ ನಮ್ಮ ಭುಜಂಗಪ್ರಯಾತ. 'ಸದಾ ಬಾಲರೂಪಾಪಿ ವಿಘ್ನಾದ್ರಿಹಂತ್ರೀ' ಅಂತ ಸುಬ್ರಹ್ಮಣ್ಯ ಭುಜಂಗ ಹೇಳಿಕೊಂಡವರಿಗೆ ಮುತಕಾರಿಬ್‌ನ ತಾಳ ಆಗಲೇ ಬಾಯಲ್ಲಿದೆ. ಹಾಗೇ ನಾಲ್ಕು 'ಫಾಇಲುನ್' ಅವರ 'ಮುತದಾರಿಕ್'. ನಮ್ಮಲ್ಲಿ ನಾಲ್ಕು ರಗಣದ ಸ್ರಗ್ವಿಣಿ. ಯಾರು ಯಾರಿಂದ ತೆಗೆದುಕೊಂಡರು ಅನ್ನುವ ಜಗಳ ಬೇಡ. ಲಘು-ಗುರು ಇಟ್ಟುಕೊಂಡು ಮೂರಕ್ಷರದ ಗಣ ಮಾಡಿದರೆ ಎಂಟೇ ಬಗೆ ಸಾಧ್ಯ. ಎಲ್ಲೋ ಒಂದು ಕಡೆ ಇಬ್ಬರೂ ಎದುರಾಗಲೇಬೇಕು.

ಒಂದು ವ್ಯತ್ಯಾಸ ಇದೆ. ನಮ್ಮ ಅಕ್ಷರವೃತ್ತದಲ್ಲಿ ಒಂದು ಲಘು ಆಚೀಚೆ ಆಗುವಂತಿಲ್ಲ. ಅವರಲ್ಲಿ 'ಜಿಹಾಫ್' ಅಂತ ಸಡಿಲಿಕೆ ಉಂಟು, ಕೆಲವು ಜಾಗದಲ್ಲಿ ಗುರುವನ್ನು ಲಘು ಮಾಡಬಹುದು. ಪ್ರಾಸದ ಜಾಗವೂ ಬೇರೆ. ಹಳಗನ್ನಡದವರು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕಟ್ಟಿದರು, ಅರಬ್ಬರು ಸಾಲಿನ ಕೊನೆಗೆ.

ತಕರಾರು

ಚೆನ್ನಾಗಿದೆ. ಆದರೆ ಅಬೂ ನುವಾಸ್ ಬಿಟ್ಟರೆ ಉಳಿದವರೆಲ್ಲ ದೊರೆಗಳ ಹೊಗಳುಭಟ್ಟರು ತಾನೇ? ಖಲೀಫನಿಗೆ ಒಂದು ಪದ್ಯ, ಚೀಲದ ತುಂಬ ದಿನಾರು. ಇದನ್ನು 'ಮಹಾಕಾವ್ಯ ಪರಂಪರೆ' ಅನ್ನುವುದು ಸ್ವಲ್ಪ ಜಾಸ್ತಿ ಆಗಲಿಲ್ವಾ?

ಹಳೇಹೊತ್ತಗೆ

@ತಕರಾರು, ದುಡ್ಡಿಗಾಗಿ ಹೊಗಳಿದ್ದು ಹೌದು. ಅದನ್ನು ಅವರೇ ಮುಚ್ಚಿಟ್ಟಿಲ್ಲ. ಆದರೆ ಅಲ್ ಮುತನಬ್ಬಿಯ ಕಥೆ ಕೇಳಿ, ಹೊಗಳುವ ಕೆಲಸ ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತದೆ.

915ರಲ್ಲಿ ಕೂಫಾದಲ್ಲಿ ಹುಟ್ಟಿದ. 948ರಿಂದ ಒಂಬತ್ತು ವರ್ಷ ಅಲೆಪ್ಪೊದ ಸೈಫುದ್ದೌಲನ ಆಸ್ಥಾನದಲ್ಲಿದ್ದ. ಆ ದೊರೆ ಬೈಜಾಂಟಿಯನ್ನರ ಮೇಲೆ ವರ್ಷ ವರ್ಷ ದಂಡೆತ್ತಿ ಹೋಗುತ್ತಿದ್ದ, ಕವಿಯೂ ಜೊತೆಗಿರುತ್ತಿದ್ದ. ದೊರೆಯನ್ನು ಹೊಗಳುವ ಪದ್ಯದಲ್ಲೇ ತನ್ನನ್ನೂ ಹೊಗಳಿಕೊಳ್ಳುವವನು ಇವನು. ಕುದುರೆ, ರಾತ್ರಿ, ಮರಳುಗಾಡು, ಕತ್ತಿ, ಈಟಿ, ಕಾಗದ, ಲೇಖನಿ ಎಲ್ಲಕ್ಕೂ ನಾನು ಗೊತ್ತು ಅನ್ನುವ ಸಾಲು ಹೆಚ್ಚುಕಮ್ಮಿ ಓದುಬರಹ ಬಲ್ಲ ಎಲ್ಲ ಅರಬ್ಬರಿಗೂ ಬಾಯಿಗೆ ಬರುತ್ತದೆ. ಆ ಪದ್ಯ ಓದಿದ್ದು ದೊರೆಯ ಮುಂದೆಯೇ, ಅದೂ ಜಗಳವಾಡುತ್ತಾ.

ಅಲ್ಲಿಂದ ಮುನಿಸಿಕೊಂಡು ಈಜಿಪ್ಟಿಗೆ ಹೋದ. ಅಲ್ಲಿ ಆಳುತ್ತಿದ್ದವನು ಕಾಫೂರ್, ಹಿಂದೆ ಗುಲಾಮನಾಗಿದ್ದವನು. ಒಂದು ಪ್ರಾಂತ್ಯದ ಅಧಿಕಾರ ಸಿಗಬಹುದು ಅಂತ ಇವನು ಹೊಗಳಿದ್ದೇ ಹೊಗಳಿದ್ದು. ಸಿಗಲಿಲ್ಲ. ಹಬ್ಬದ ಹೊತ್ತಿನಲ್ಲಿ ಓಡಿಹೋಗುತ್ತಾ ಒಂದು ಬೈಗುಳದ ಪದ್ಯ ಬಿಟ್ಟುಹೋದ. 'ಹಬ್ಬವೇ, ಯಾವ ಸ್ಥಿತಿಯಲ್ಲಿ ಮರಳಿ ಬಂದೆ?' ಅಂತ ಶುರುವಾಗುತ್ತದೆ. ಇವತ್ತಿಗೂ ಈದ್ ಬಂದರೆ, ಮನಸ್ಸು ಸರಿ ಇಲ್ಲದವರು ಈ ಸಾಲು ಹಾಕಿಕೊಳ್ಳುತ್ತಾರೆ. ಮುಂದಿನ ಸಾಲುಗಳಲ್ಲಿ ಕಾಫೂರನ ಬಣ್ಣ, ಗುಲಾಮಗಿರಿ ಎತ್ತಿ ಆಡಿದ್ದಾನೆ. ಅಸಹ್ಯವಾಗಿದೆ. ಎಷ್ಟು ದೊಡ್ಡ ಕವಿಯಾದರೂ ಆ ಭಾಗ ಓದುವಾಗ ನನಗೆ ಸಿಟ್ಟೇ ಬರುತ್ತದೆ.

965ರಲ್ಲಿ ಬಾಗ್ದಾದಿನ ದಾರಿಯಲ್ಲಿ ಕೊಲೆಯಾದ. ಹಿಂದೆ ಒಬ್ಬನನ್ನು ತೆಗಳಿ ಬರೆದಿದ್ದ ಪದ್ಯದ ಸೇಡು. ಓಡಲು ಹೊರಟಾಗ ಜೊತೆಗಿದ್ದವನು 'ಕುದುರೆ, ರಾತ್ರಿ' ಸಾಲು ನೆನಪಿಸಿದ, ಆಗ ತಿರುಗಿ ನಿಂತು ಸತ್ತ ಅಂತ ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಅವನಿಗೆ ಒಪ್ಪುತ್ತದೆ.

ಹೊಗಳದೇ ಬದುಕಿದವರು ಬೇಕೆಂದರೆ ಅಲ್ ಮಅರ್‍ರಿಯನ್ನು ಓದಿ. 973ರಿಂದ 1057. ಸಿರಿಯಾದವನು, ನಾಲ್ಕನೇ ವಯಸ್ಸಿಗೆ ಸಿಡುಬು ಬಂದು ಕಣ್ಣು ಹೋಯಿತು. ಬಾಗ್ದಾದಿಗೆ ಹೋಗಿ ಬಂದು ಆಮೇಲೆ ಊರಿನ ಮನೆ ಬಿಟ್ಟು ಕದಲಲಿಲ್ಲ. ಮಾಂಸ, ಮೀನು ಮಾತ್ರ ಅಲ್ಲ, ಹಾಲು, ಮೊಟ್ಟೆ, ಜೇನು ಕೂಡ ಬಿಟ್ಟವನು. ಜೇನುನೊಣ ಕಷ್ಟಪಟ್ಟು ಕೂಡಿಟ್ಟದ್ದನ್ನು ನೀವ್ಯಾಕೆ ಕದೀತೀರಿ ಅಂತ ಪದ್ಯದಲ್ಲೇ ಕೇಳಿದ. ಧರ್ಮದ ಹೆಸರಲ್ಲಿ ಹೊಟ್ಟೆ ಹೊರೆಯುವವರನ್ನು ಯಾರನ್ನೂ ಬಿಡಲಿಲ್ಲ. ಒಂದು ಪ್ರಾಸ ಸಾಲದು ಅಂತ ಎರಡೆರಡು ಅಕ್ಷರದ ಪ್ರಾಸದ ಹೊರೆ ತಾನೇ ಹೊತ್ತುಕೊಂಡು ಒಂದು ಇಡೀ ಸಂಕಲನ ಬರೆದ. 2013ರಲ್ಲಿ, ಸತ್ತು ಹೆಚ್ಚುಕಮ್ಮಿ ಸಾವಿರ ವರ್ಷವಾದ ಮೇಲೆ, ಅವನ ಊರಿನಲ್ಲಿದ್ದ ಪ್ರತಿಮೆಯ ತಲೆಯನ್ನು ಉಗ್ರರು ಕಡಿದುಹಾಕಿದರು.

ಕುಡ್ಲದವ

ನಾನು ಮಂಗಳೂರು ಕಡೆಯ ಬ್ಯಾರಿ. ನೀವೆಲ್ಲ ಬಾಗ್ದಾದು, ಅಲೆಪ್ಪೊ ಅಂತಿದ್ದೀರಿ. ನಮ್ಮಲ್ಲಿ ಉಳ್ಳಾಲ, ಪುತ್ತೂರು, ಬಂಟ್ವಾಳದ ಕಡೆ ಬುರ್ದಾ ಮಜ್ಲಿಸ್, ಅಂದರೆ ಬುರ್ದಾ ಅನ್ನುವ ಪದ್ಯ ಹಾಡುವ ಕೂಟ ಆಗುವುದು ಗೊತ್ತಾ? ನೆಬಿ ತಿಂಗಳಲ್ಲಂತೂ, ಅಂದರೆ ಪ್ರವಾದಿಯವರು ಹುಟ್ಟಿದ ತಿಂಗಳಲ್ಲಿ, ಜೋರು. ಹುಡುಗರ ತಂಡಗಳು ಸಾಲಾಗಿ ಕೂತು ಹಾಡುತ್ತವೆ. ಒಬ್ಬ ಹಾಡುಗಾರ ಪದ್ಯ ಎತ್ತುತ್ತಾನೆ, ಉಳಿದವರು 'ಮೌಲಾಯ ಸಲ್ಲಿ ವಸಲ್ಲಿಂ ದಾಇಮನ್ ಅಬದಾ' ಅಂತ ಪಲ್ಲವಿ ಹಿಡಿಯುತ್ತಾರೆ.

ಈ ಬುರ್ದಾ ಹದಿಮೂರನೇ ಶತಮಾನದ ಪದ್ಯ. ಬರೆದದ್ದು ಈಜಿಪ್ಟಿನ ಅಲ್ ಬೂಸೀರಿ. ಅವರಿಗೆ ಲಕ್ವ ಹೊಡೆದಿತ್ತಂತೆ. ಪ್ರವಾದಿಯವರ ಮೇಲೆ ಈ ಪದ್ಯ ಬರೆದರು. ಕನಸಿನಲ್ಲಿ ಪ್ರವಾದಿ ಬಂದು ತಮ್ಮ ಹೊದಿಕೆ ಹೊದಿಸಿದರು, ಬೆಳಗ್ಗೆ ಎದ್ದಾಗ ಗುಣವಾಗಿತ್ತು ಅಂತ ನಂಬಿಕೆ. ಸುಮಾರು 160 ಸಾಲು ಇದೆ, ಹತ್ತು ಭಾಗ.

ನಾನು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದು. ಅರ್ಥ ಕೇಳಿದ್ದು ದೊಡ್ಡವನಾದ ಮೇಲೆ. ಹೊತ್ತಗೆಯಣ್ಣ ಹೇಳಿದ್ದು ಓದಿ ಈಗ ಗಮನಕ್ಕೆ ಬಂತು. ಅದರ ಮೊದಲ ಸಾಲು 'ಅಮಿನ್ ತದಕ್ಕುರಿ ಜೀರಾನಿನ್ ಬಿದೀ ಸಲಮಿ'. ದೀ ಸಲಮ್ ಅನ್ನುವ ಊರಿನ ನೆರೆಯವರ ನೆನಪಾಯಿತೇನು, ಕಣ್ಣೀರಿಗೆ ರಕ್ತ ಬೆರೆಸಿ ಅಳುತ್ತಿದ್ದೀಯಲ್ಲ ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಪ್ರವಾದಿಯ ಹೆಸರು ಬರುವುದು ಎಷ್ಟೋ ಆಮೇಲೆ. ಇದು ಅದೇ ಇಮ್ರುಲ್ ಕೈಸ್‌ನ ಅಳು ಅಲ್ವಾ?

ಹಳೇಹೊತ್ತಗೆ

ಅದೇ! ಪ್ರಿಯೆ, ಬಿಟ್ಟುಹೋದ ಊರು, ಕಣ್ಣೀರು. ಆಮೇಲೆ 'ಮನಸ್ಸಿನ ಚಪಲ ಬಿಡು' ಅಂತ ಎಚ್ಚರಿಕೆ. ಆಮೇಲೆ ಸ್ತುತಿ. ಹಳೇ ಕಸೀದಾದ ಅಚ್ಚಿನಲ್ಲೇ ಭಕ್ತಿಯನ್ನು ಎರೆದಿದ್ದಾರೆ. ಆರನೇ ಶತಮಾನದ ಮರಳುಗಾಡಿನ ಅಳು ಉಳ್ಳಾಲದ ಹುಡುಗರ ಬಾಯಲ್ಲಿ ಇವತ್ತೂ ಇದೆ ಅನ್ನುವುದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಲಘುಗುರು

ಆ ಪಲ್ಲವಿಗೆ ಪ್ರಸ್ತಾರ ಹಾಕದೇ ಇರಲು ಆಗಲಿಲ್ಲ.

ಮೌಲಾಯಸಲ್ | ಲಿವಸಲ್ | ಲಿಂದಾಇಮನ್ | ಅಬದಾ

ಮೊದಲನೆಯದು ಗುರು ಗುರು ಲಘು ಗುರು. ಎರಡನೆಯದು ಲಘು ಲಘು ಗುರು, ಅಂದರೆ ಸಗಣ. ಮೂರನೆಯದು ಮೊದಲಿನ ಹಾಗೆ, ನಾಲ್ಕನೆಯದು ಮತ್ತೆ ಸಗಣ. ಇದು 'ಬಸೀತ್' ಎನ್ನುವ ವೃತ್ತ. ಅಬೂ ನುವಾಸನ ಹೆಂಡದಂಗಡಿ ಸಾಲೂ ಇದೇ ಬಸೀತ್‌ನಲ್ಲಿದೆ. ಹೆಂಡಕ್ಕೂ ಭಕ್ತಿಗೂ ಒಂದೇ ತಾಳ.

ಇನ್ನು ಬುರ್ದಾ ಪ್ರತಿ ಸಾಲೂ 'ಮಿ'ಯಲ್ಲಿ ಮುಗಿಯುತ್ತದೆ. ಸಲಮಿ, ದಮಿ, ಹೀಗೆ 160 ಸಲ. ಪ್ರಾಸ ಕಟ್ಟಿ ನೋಡಿದವರಿಗೆ ಇದರ ಕಷ್ಟ ಗೊತ್ತು.

ಓದುಗಿ

ಇಷ್ಟು ಹೊತ್ತಿಗೆ ಒಬ್ಬಳೂ ಹೆಣ್ಣು ಬಂದಿಲ್ಲ ಈ ಎಳೆಯಲ್ಲಿ. ಪ್ರಿಯೆಯಾಗಿ ಬಂದಿದ್ದಾಳೆ, ಅದೂ ಡೇರೆ ಕಿತ್ತುಕೊಂಡು ಹೋದವಳು. ಅವಳು ಏನೂ ಬರೆಯಲಿಲ್ವಾ?

ಇನ್ನೊಂದು ಪ್ರಶ್ನೆ. 1258ರಲ್ಲಿ ಮಂಗೋಲರು ಬಾಗ್ದಾದನ್ನು ನಾಶ ಮಾಡಿದ ಮೇಲೆ ಐನೂರು ವರ್ಷ ಅರಬ್ಬೀ ಕಾವ್ಯ ನಿದ್ದೆ ಹೋಯಿತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹೌದಾ?

ಹಳೇಹೊತ್ತಗೆ

ಮೇಡಂ, ಮೊದಲ ಪ್ರಶ್ನೆಗೆ ಇಬ್ಬರ ಹೆಸರು ಸದ್ಯಕ್ಕೆ.

ಅಲ್ ಖನ್ಸಾ, ಏಳನೇ ಶತಮಾನದವಳು. ಬುಡಕಟ್ಟು ಕಾಳಗದಲ್ಲಿ ಸತ್ತ ತನ್ನ ಅಣ್ಣತಮ್ಮಂದಿರ ಮೇಲೆ, ಅದರಲ್ಲೂ ಸಖ್ರ್ ಎನ್ನುವವನ ಮೇಲೆ ಬರೆದ ಶೋಕಗೀತೆಗಳು ಅರಬ್ಬೀಯಲ್ಲಿ ಆ ಪ್ರಕಾರಕ್ಕೇ ಮಾದರಿ. ಸತ್ತವರಿಗೆ ಹಾಡಿ ಅಳುವ ಕೆಲಸ ಹೆಂಗಸರದ್ದಾಗಿತ್ತು. ಅವಳು ಅದನ್ನೇ ದೊಡ್ಡ ಕಾವ್ಯ ಮಾಡಿದಳು.

ಇನ್ನೊಬ್ಬಳು ವಲ್ಲಾದಾ, ಹನ್ನೊಂದನೇ ಶತಮಾನದ ಕಾರ್ಡೊಬಾದಲ್ಲಿ, ಅಂದರೆ ಸ್ಪೇನಿನಲ್ಲಿ. ಖಲೀಫನ ಮಗಳು. ತನ್ನ ಪದ್ಯವನ್ನು ಅಂಗಿಯ ಮೇಲೆ ಜರಿಯಲ್ಲಿ ಕಸೂತಿ ಹಾಕಿಸಿಕೊಂಡಿದ್ದಳು. ಒಂದು ಕಡೆ 'ನಾನು ದೊಡ್ಡದಕ್ಕೇ ಹುಟ್ಟಿದವಳು, ತಲೆ ಎತ್ತಿ ನಡೀತೀನಿ' ಅಂತ. ಇನ್ನೊಂದು ಕಡೆ 'ಪ್ರೇಮಿಗೆ ಕೆನ್ನೆ ಕೊಡ್ತೀನಿ, ಬೇಕಾದವರಿಗೆ ಮುತ್ತು ಕೊಡ್ತೀನಿ' ಅಂತ. ಅವಳಿಂದ ದೂರವಾದ ಇಬ್ನ್ ಜೈದೂನ್ ಬರೆದ ವಿರಹದ ಪದ್ಯವನ್ನು ಇವತ್ತೂ ಓದುತ್ತಾರೆ.

ಆ ಸ್ಪೇನಿನಲ್ಲೇ ಮೊದಲ ದೊಡ್ಡ ಬಿರುಕು ಬಿಟ್ಟದ್ದು. 'ಮುವಶ್ಶಹ್' ಅಂತ ಹಾಡುಗಬ್ಬ ಬಂತು. ಒಂದೇ ಪ್ರಾಸದ ಬದಲು ನುಡಿ, ಪಲ್ಲವಿ, ಬೇರೆ ಬೇರೆ ಪ್ರಾಸ. ಅದರ ಕೊನೆಯ ತುಣುಕು ಆಡುಮಾತಿನಲ್ಲಿ, ಕೆಲವು ಸಲ ಹಳೇ ಸ್ಪ್ಯಾನಿಷ್‌ನಂಥ ಊರ ಭಾಷೆಯಲ್ಲಿ, ಒಬ್ಬ ಹುಡುಗಿಯ ಬಾಯಲ್ಲಿ ಇರುತ್ತಿತ್ತು. 'ಅಮ್ಮಾ, ಏನು ಮಾಡಲಿ, ನನ್ನವನು ಬರಲಿಲ್ಲ' ಅನ್ನುವ ಧಾಟಿ. 1948ರಲ್ಲಿ ಸ್ಯಾಮ್ಯುಯೆಲ್ ಸ್ಟರ್ನ್ ಎನ್ನುವ ವಿದ್ವಾಂಸ ಇವನ್ನು ಓದಿ ಬಿಡಿಸಿದಾಗ ಸ್ಪ್ಯಾನಿಷ್ ಸಾಹಿತ್ಯದವರೂ ಬೆಚ್ಚಿದರು. ಅವರ ಭಾಷೆಯ ಅತಿ ಹಳೇ ಹಾಡುಗಳು ಅರಬ್ಬೀ ಮತ್ತು ಹೀಬ್ರೂ ಲಿಪಿಯಲ್ಲಿ ಅಡಗಿ ಕೂತಿದ್ದವು. ಇಬ್ನ್ ಕುಜ್ಮಾನ್ ಇನ್ನೂ ಮುಂದೆ ಹೋಗಿ ಇಡೀ ಪದ್ಯವನ್ನೇ ಕಾರ್ಡೊಬಾದ ಬೀದಿಮಾತಿನಲ್ಲಿ ಬರೆದ.

ಎರಡನೇ ಪ್ರಶ್ನೆಗೆ: ನಿದ್ದೆ ಅನ್ನುವುದು ಹತ್ತೊಂಬತ್ತನೇ ಶತಮಾನದವರು ತಮ್ಮ 'ಎಚ್ಚರ'ವನ್ನು ದೊಡ್ಡದು ಮಾಡಿಕೊಳ್ಳಲು ಹೇಳಿದ ಮಾತು ಅಂತ ನನಗನಿಸುತ್ತದೆ. ಬೂಸೀರಿ ತೀರಿಕೊಂಡದ್ದೇ ಬಾಗ್ದಾದ್ ಬಿದ್ದ ಎಷ್ಟೋ ವರ್ಷದ ಮೇಲೆ. ಹದಿನಾಲ್ಕನೇ ಶತಮಾನದಲ್ಲಿ ಸಫಿಯುದ್ದೀನ್ ಅಲ್ ಹಿಲ್ಲೀ ಬುರ್ದಾದ ವೃತ್ತ, ಬುರ್ದಾದ ಪ್ರಾಸ ಹಿಡಿದು ಒಂದು ಸ್ತುತಿ ಬರೆದ. ಅದರ ಒಂದೊಂದು ಸಾಲಿಗೂ ಒಂದೊಂದು ಅಲಂಕಾರ. ಸ್ತುತಿಯೂ ಆಯಿತು, ಅಲಂಕಾರಶಾಸ್ತ್ರದ ಪಾಠವೂ ಆಯಿತು. ಇಬ್ನ್ ದಾನಿಯಾಲ್ ಅಂತ ಒಬ್ಬ ಕಣ್ಣಿನ ವೈದ್ಯ, ಮೊಸುಲಿನಿಂದ ಕೈರೋಗೆ ಬಂದವನು, ತೊಗಲುಗೊಂಬೆಯ ಥರದ ನೆರಳಾಟಕ್ಕೆ ಪೋಲಿ ಪದ್ಯಗಳನ್ನು ಬರೆದ. ನಮ್ಮ ಹತ್ತಿರದವರು ಬೇಕಾದರೆ ಔರಂಗಾಬಾದಿನಲ್ಲಿ ನೆಲೆಸಿದ್ದ ಆಜಾದ್ ಬಿಲ್ಗ್ರಾಮಿ ಇದ್ದಾರೆ, ಹದಿನೆಂಟನೇ ಶತಮಾನದವರು. ನಾಯಿಕಾಭೇದವನ್ನು, ನಮ್ಮ ಅಲಂಕಾರಗಳನ್ನು ಅರಬ್ಬೀ ಓದುಗರಿಗೆ ಅರಬ್ಬೀಯಲ್ಲೇ ಪರಿಚಯ ಮಾಡಿಸಿದ ಪುಣ್ಯಾತ್ಮ.

ತಕರಾರು

ಸರಿ, ಆಧುನಿಕಕ್ಕೆ ಬನ್ನಿ. ಅಲ್ಲಿ ನಿಮ್ಮ 'ಅರೆದು ಕುಡಿದ' ವಾದ ನಿಲ್ಲುತ್ತಾ ನೋಡೋಣ.

ಹಳೇಹೊತ್ತಗೆ

ನಿಲ್ಲುತ್ತದೆ, ಕೇಳಿ.

ಮೊದಲು ಬಂದವರು ಹಳೆಯದನ್ನೇ ತಿಕ್ಕಿ ಹೊಳಪು ಮಾಡಿದವರು. ಈಜಿಪ್ಟಿನ ಅಲ್ ಬಾರೂದಿ ಸೇನೆಯವರು, ಪ್ರಧಾನಮಂತ್ರಿಯೂ ಆಗಿದ್ದರು. 1882ರಲ್ಲಿ ಬ್ರಿಟಿಷರ ವಿರುದ್ಧದ ದಂಗೆ ಸೋತಾಗ ಅವರನ್ನು ಸಿಲೋನಿಗೆ ಗಡೀಪಾರು ಮಾಡಿದರು. ಹದಿನೇಳು ವರ್ಷ ಅಲ್ಲೇ. ಅವರ ಮನೆನೆನಪಿನ ಪದ್ಯಗಳು ಬಂದದ್ದು ಇಲ್ಲೇ ಪಕ್ಕದ ದ್ವೀಪದಿಂದ. ಆಮೇಲೆ ಅಹ್ಮದ್ ಶೌಕಿ. 1927ರಲ್ಲಿ ಅವರಿಗೆ 'ಕವಿಗಳ ದೊರೆ' ಅಂತ ಬಿರುದು ಕೊಟ್ಟರು. ಬುರ್ದಾದ ದಾರಿಯಲ್ಲೇ ಅವರೂ ಒಂದು ಬರೆದರು, ಅದನ್ನು ಈಜಿಪ್ಟಿನ ಹೆಸರಾಂತ ಗಾಯಕಿ ಉಮ್ಮ್ ಕುಲ್ಸೂಮ್ ಹಾಡಿದರು. 1931ರಲ್ಲಿ ದುಂಡುಮೇಜಿನ ಸಭೆಗೆ ಹೋಗುತ್ತಾ ಗಾಂಧೀಜಿ ಈಜಿಪ್ಟಿನ ಮೂಲಕ ಹಾದಾಗ, ಭಾರತದ ವೀರನಿಗೆ ನಮಿಸಿ ಅಂತ ಈಜಿಪ್ಟಿನವರಿಗೆ ಶೌಕಿ ಪದ್ಯ ಬರೆದರು.

ನ್ಯೂಯಾರ್ಕಿನ ಗಿಬ್ರಾನ್, ಮಿಖಾಯೀಲ್ ನುಅಯ್ಮಾ, ಈಲಿಯಾ ಅಬೂ ಮಾದಿ 1920ರಲ್ಲಿ ಒಂದು ಲೇಖಕರ ಕೂಟ ಕಟ್ಟಿ ಭಾಷೆಯನ್ನು ಹಗುರ ಮಾಡಿದರು. ಅವರ ಬಗ್ಗೆ ನಿಮಗೆಲ್ಲ ಗೊತ್ತು, ಮುಂದೆ ಹೋಗುತ್ತೇನೆ. ಟುನೀಶಿಯಾದ ಅಬುಲ್ ಕಾಸಿಮ್ ಅಶ್ಶಾಬ್ಬಿ 1934ರಲ್ಲಿ ಇಪ್ಪತ್ತೈದಕ್ಕೇ ತೀರಿಕೊಂಡರು. 'ಜನ ಒಂದು ದಿನ ಬದುಕಲು ಮನಸ್ಸು ಮಾಡಿದರೆ ವಿಧಿ ಓಗೊಡಲೇಬೇಕು' ಅನ್ನುವ ಅವರ ಸಾಲು ಟುನೀಶಿಯಾದ ರಾಷ್ಟ್ರಗೀತೆಯ ಕೊನೆಯಲ್ಲಿದೆ. 2011ರ ಜನದಂಗೆಯಲ್ಲಿ ಬೀದಿಯಲ್ಲೂ ಕೇಳಿತು.

ಲಘುಗುರು

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಶಾಬ್ಬಿಯ ಆ ಸಾಲು:

ಇದಶ್‌ಶಅ್ | ಬುಯೌಮನ್ | ಅರಾದಲ್ | ಹಯಾಹ್

ಯಗಣ, ಯಗಣ, ಯಗಣ, ಕೊನೆಯದು ಒಂದಕ್ಷರ ಕಮ್ಮಿ. ಮುತಕಾರಿಬ್! ಅಂದರೆ ಭುಜಂಗಪ್ರಯಾತದ ಬಾಲ ಸ್ವಲ್ಪ ಕತ್ತರಿಸಿದ್ದು. ಇನ್ನು ಆ ರಾಷ್ಟ್ರಗೀತೆ ಕೇಳಿದರೆ ನನಗೆ ಸುಬ್ರಹ್ಮಣ್ಯ ನೆನಪಾಗದೇ ಇರಲ್ಲ.

ಹಳೇಹೊತ್ತಗೆ

ಗುರುಗಳೇ, ನಿಮ್ಮ ಗಣವೇ ಈಗ ಕಥೆಯ ನಡುಮನೆಗೆ ಬರುತ್ತಿದೆ.

1947ರಲ್ಲಿ ಈಜಿಪ್ಟಿನಲ್ಲಿ ಕಾಲರಾ. ಬಾಗ್ದಾದಿನಲ್ಲಿ ಕೂತು ರೇಡಿಯೊ ಸುದ್ದಿ ಕೇಳುತ್ತಿದ್ದ ನಾಜಿಕ್ ಅಲ್ ಮಲಾಇಕಾಗೆ ಆಗ 24 ವರ್ಷ. ತಾಯಿಯೂ ಕವಿ. ಹಳೇ ವೃತ್ತದಲ್ಲಿ ಬರೆಯಲು ನೋಡಿದಳು, ಅಂದುಕೊಂಡದ್ದು ಬರಲಿಲ್ಲ. ಹೆಣ ಹೊತ್ತ ಗಾಡಿಗಳ ಕುದುರೆ ಗೊರಸಿನ ಸದ್ದು ಅವಳಿಗೆ ಬೇಕಿತ್ತು. ಆಗ ಮಾಡಿದ್ದೇನೆಂದರೆ, ಗಣವನ್ನು ಹಾಗೇ ಇಟ್ಟುಕೊಂಡಳು. ಒಂದು ಸಾಲಿಗೆ ಎಷ್ಟು ಗಣ ಅನ್ನುವ ಲೆಕ್ಕ ಬಿಟ್ಟಳು. ಒಂದು ಸಾಲಿಗೆ ಎರಡೇ ಗಣ, ಮುಂದಿನದಕ್ಕೆ ನಾಲ್ಕು, ಆರು, ಉಸಿರು ಹೋದಷ್ಟು. ಪ್ರಾಸವೂ ಬೇಕಾದಾಗ ಬರುತ್ತದೆ, ಹೋಗುತ್ತದೆ. ಪದ್ಯದ ಹೆಸರು 'ಕಾಲರಾ'. 'ಸಾವು, ಸಾವು, ಸಾವು' ಅಂತ ಮರಳಿ ಮರಳಿ ಬರುತ್ತದೆ. ಮನೆಯವರಿಗೆ ಮೊದಲಿಗೆ ಹಿಡಿಸಲಿಲ್ಲವಂತೆ.

ಅದೇ ಹೊತ್ತಿಗೆ ಬಸ್ರಾ ಹತ್ತಿರದ ಜೈಕೂರ್ ಹಳ್ಳಿಯ ಬದ್ರ್ ಶಾಕಿರ್ ಅಸ್ಸಯ್ಯಾಬ್ ಕೂಡ ಇದೇ ದಾರಿ ಹಿಡಿದಿದ್ದರು. ಮೊದಲು ಯಾರು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಇಂಡೋನೇಷಿಯಾದಲ್ಲಿ ಹುಟ್ಟಿದ, ಯೆಮನ್ ಮೂಲದ ಬಾಕಥೀರ್ ಅದಕ್ಕೂ ಮುಂಚೆ ನಾಟಕದಲ್ಲಿ ಇದನ್ನು ಮಾಡಿದ್ದರು ಅಂತ ಮೂರನೇ ಬಣ. ನನಗೆ ಆ ಜಗಳಕ್ಕಿಂತ ಸಯ್ಯಾಬ್‌ರ 'ಮಳೆಯ ಹಾಡು' ಮುಖ್ಯ. ಶುರುವಾಗುವುದು ಪ್ರೇಮಗೀತೆಯ ಹಾಗೆ. ನಿನ್ನ ಕಣ್ಣು ನಸುಕಿನ ಎರಡು ಖರ್ಜೂರದ ತೋಪು ಅಂತಾರೆ. ಹಾಗೇ ಸರಿಯುತ್ತಾ, ಸತ್ತ ತಾಯಿಯನ್ನು ಹುಡುಕುವ ಮಗು, ಬೆಸ್ತರು, ವಲಸೆ ಹೋದವರು. 'ಮತರ್, ಮತರ್, ಮತರ್' ಅಂತ ಮಳೆ ಬೀಳುತ್ತಲೇ ಇರುತ್ತದೆ. ಆದರೂ ಇರಾಕಿನಲ್ಲಿ ಹಸಿವಿಲ್ಲದ ವರ್ಷವೇ ಇಲ್ಲ. ಇದು ಬಂದದ್ದು 1954ರಲ್ಲಿ. ಅವರು ಇಂಗ್ಲಿಷ್ ಕವಿ ಎಲಿಯಟ್‌ನನ್ನು ಓದಿದ್ದರು. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಇಲ್ಲಿ ಅಡಿಗರೂ ಎಲಿಯಟ್‌ನನ್ನು ಓದಿ ನವ್ಯದ ದಾರಿ ತೆಗೆಯುತ್ತಿದ್ದರು. ಇಬ್ಬರಿಗೂ ಹೊಸದಾಗಿ ಸ್ವಾತಂತ್ರ್ಯದ ಮಾತಾಡುವ ದೇಶ, ಇಬ್ಬರಿಗೂ ಭ್ರಮನಿರಸನ.

ಲಘುಗುರು

ಇದು ಸ್ಪಷ್ಟವಾಯಿತು. ನಮ್ಮ ಸರಳ ರಗಳೆ ಪ್ರಾಸ ಬಿಟ್ಟಿತು, ಸಾಲಿನ ಅಳತೆ ಬಿಡಲಿಲ್ಲ. ಗೋವಿಂದ ಪೈಗಳು ಎರಡನೇ ಅಕ್ಷರದ ಪ್ರಾಸ ಬಿಟ್ಟಾಗ ಇಲ್ಲೂ ಗದ್ದಲವಾಗಿತ್ತು. ನಾಜಿಕ್ ಸಾಲಿನ ಅಳತೆ ಬಿಟ್ಟರು, ಗಣ ಬಿಡಲಿಲ್ಲ.

ತಕರಾರು

ಅದಕ್ಕೇ ಹೇಳಿದ್ದು. ಗಣವನ್ನೂ ಬಿಟ್ಟವರು ಬಂದರಲ್ಲ ಆಮೇಲೆ? ಗದ್ಯಕವಿತೆ! ಅಲ್ಲಿಗೆ ಮುಗೀತು. ಈಜಿಪ್ಟಿನ ಅಲ್ ಅಕ್ಕಾದ್ ಸರಿಯಾಗೇ ಮಾಡಿದರು. ಸರ್ಕಾರದ ಕಾವ್ಯ ಸಮಿತಿಯ ಮುಖ್ಯಸ್ಥರಾಗಿದ್ದಾಗ ಹೊಸ ಥರದ ಪದ್ಯ ಬಂದರೆ 'ಗದ್ಯ ಸಮಿತಿಗೆ ಕಳಿಸಿ' ಅಂತ ಷರಾ ಬರೆದು ಕಳಿಸುತ್ತಿದ್ದರಂತೆ.

ಹಳೇಹೊತ್ತಗೆ

ಹ್ಹ ಹ್ಹ, ಆ ಷರಾ ನನಗೂ ಇಷ್ಟ. ಆದರೆ ಆ ಅಕ್ಕಾದ್ ಯೌವನದಲ್ಲಿ ಶೌಕಿಯನ್ನು ಹಳೇ ಕಾಲದವನು ಅಂತ ಹಿಗ್ಗಾಮುಗ್ಗಾ ಝಾಡಿಸಿದವರು. ನಾಜಿಕ್ ಕೂಡ 1962ರಲ್ಲಿ ಹೊಸ ಛಂದಕ್ಕೆ ನಿಯಮಗಳ ಪುಸ್ತಕ ಬರೆದು, ಗದ್ಯಕವಿತೆ ಕವಿತೆಯೇ ಅಲ್ಲ ಅಂದರು. ಬಾಗಿಲು ತೆರೆದವರೇ ಚಿಲಕ ಹಾಕಲು ನಿಲ್ಲುವುದು ಎಲ್ಲ ಕಡೆ ನಡೆಯುತ್ತದೆ.

ಗದ್ಯಕವಿತೆಯ ಗುಂಪು ಬೈರೂತಿನ 'ಶಿಅ್‌ರ್' ಪತ್ರಿಕೆಯದು, 1957ರಲ್ಲಿ ಶುರುವಾದದ್ದು. ಯೂಸುಫ್ ಅಲ್ ಖಾಲ್, ಉನ್ಸಿ ಅಲ್ ಹಾಜ್, ಎಲ್ಲರಿಗಿಂತ ಹೆಚ್ಚಾಗಿ ಅದೋನಿಸ್. ಅದೋನಿಸ್ ಸಿರಿಯಾದ ಬಡ ಹಳ್ಳಿಯ ಹುಡುಗ. ಹದಿನಾಲ್ಕರ ಸುಮಾರಿಗೆ ಅಧ್ಯಕ್ಷರು ಊರ ಕಡೆ ಬಂದಾಗ ಅವರ ಮುಂದೆ ಪದ್ಯ ಓದಿ, ಅದಕ್ಕೆ ಪ್ರತಿಯಾಗಿ ಶಾಲೆಯ ಓದು ಗಿಟ್ಟಿಸಿಕೊಂಡವರು. @ತಕರಾರು, ನಿಮ್ಮ ದಿನಾರಿನ ಚೀಲ ಇಲ್ಲಿ ಶಾಲೆಯ ಸೀಟು ಆಯಿತು ನೋಡಿ. ಇದೇ ಅದೋನಿಸ್ 1964ರಿಂದ ಇಡೀ ಹಳೇ ಅರಬ್ಬೀ ಕಾವ್ಯವನ್ನು ಜಾಲಾಡಿ ದೊಡ್ಡ ಸಂಕಲನ ತಂದರು. ಅವರ ಮೆಚ್ಚಿನವರು ಅಬೂ ನುವಾಸ್, ಒಂಬತ್ತನೇ ಶತಮಾನದ ಅಬೂ ತಮ್ಮಾಮ್, ಮಅರ್‍ರಿ. ಆಧುನಿಕತೆ ನಮಗೆ ಪ್ಯಾರಿಸಿನಿಂದ ಬಂದದ್ದಲ್ಲ, ಬಾಗ್ದಾದಿನಲ್ಲೇ ಇತ್ತು ಅನ್ನುವುದು ಅವರ ವಾದ. ಗಣ ಬಿಟ್ಟವರೂ ಅರೆದು ಕುಡಿದವರೇ ಅಂತ ಇದಕ್ಕೇ ಹೇಳಿದ್ದು.

ಜುಬೈಲ್_ಕನ್ನಡಿಗ

ನಾನು ಸೌದಿಯಲ್ಲಿದ್ದೇನೆ, ತೈಲದ ಕೆಲಸ. ಸಾಹಿತ್ಯ ನನಗೆ ಅಷ್ಟಕ್ಕಷ್ಟೇ. ಆದರೆ ಒಂದು ಹೇಳ್ತೀನಿ, ನಿಮ್ಮ ಗದ್ಯಕವಿತೆ ನನ್ನ ಜೊತೆಯ ಸೌದಿಗಳಲ್ಲಿ ಒಬ್ಬನೂ ಓದಿದ್ದು ನೋಡಿಲ್ಲ. ಅವರು ಕೇಳುವುದು ನಬತಿ. ಮರಳುಗಾಡಿನ ಅಲೆಮಾರಿ ಬದೂ ಜನರ ಆಡುಮಾತಿನ ಕಾವ್ಯ. ಎರಡು ಅರ್ಧದ ಸಾಲು, ಪ್ರಾಸ, ಹೊಗಳಿಕೆ, ಒಂಟೆ, ಎಲ್ಲಾ ಹಾಗೇ ಇದೆ. 2006ರಿಂದ ಅಬುಧಾಬಿ ಟಿವಿಯಲ್ಲಿ 'ಮಿಲಿಯನ್ ಕವಿ' ಅಂತ ಸ್ಪರ್ಧೆ ಬರುತ್ತದೆ. ತೀರ್ಪುಗಾರರು ಅಂಕ ಕೊಡ್ತಾರೆ, ಜನ ಓಟು ಹಾಕ್ತಾರೆ. ನಮ್ಮ ಕಡೆ ಸಿನಿಮಾ ಹಾಡಿನ ಸ್ಪರ್ಧೆಗೆ ಇರುವ ಹುಚ್ಚು ಅಲ್ಲಿ ಪದ್ಯಕ್ಕೆ.

ಓದುಗಿ ಅಕ್ಕನಿಗೆ: 2010ರಲ್ಲಿ ಹಿಸ್ಸಾ ಹಿಲಾಲ್ ಅನ್ನುವ ಸೌದಿ ಹೆಂಗಸು ಕಣ್ಣು ಮಾತ್ರ ಕಾಣುವ ಬುರ್ಖಾದಲ್ಲೇ ವೇದಿಕೆ ಹತ್ತಿ, ಕಟು ಫತ್ವಾ ಕೊಡುವ ಮುಲ್ಲಾಗಳ ವಿರುದ್ಧ ಪದ್ಯ ಓದಿದರು. ಕೊಲೆ ಬೆದರಿಕೆ ಬಂತು. ಹೆದರಲಿಲ್ಲ. ಮೂರನೇ ಸ್ಥಾನ ಬಂತು.

ಇನ್ನು ಟ್ಯಾಕ್ಸಿಯಲ್ಲಿ ಸಿರಿಯಾದ ಕವಿ ನಿಜಾರ್ ಕಬ್ಬಾನಿ. ಕಾಜಿಮ್ ಅಸ್ಸಾಹಿರ್ ಹಾಡಿದ್ದು. ಡ್ರೈವರ್ ಸ್ಟೀರಿಂಗ್ ಬಿಟ್ಟು ಕೈ ಆಡಿಸ್ತಾನೆ, ಅದೊಂದೇ ಭಯ.

ಓದುಗಿ

ಕಬ್ಬಾನಿ ಬರೀ ಪ್ರೇಮದ ಕವಿ ಅಂತ ಅಂದುಕೊಂಡಿದ್ದೆ. ಇಸ್ರೇಲ್ ಎದುರು 1967ರ ಯುದ್ಧ ಸೋತ ಮೇಲೆ ಅವರು ಅರಬ್ ದೊರೆಗಳನ್ನೇ ಬೈದು ಬರೆದದ್ದು ಅನುವಾದದಲ್ಲಿ ಓದಿ ದಂಗಾದೆ. ಆ ಪದ್ಯವನ್ನು ಎಷ್ಟೋ ಕಡೆ ನಿಷೇಧಿಸಿದ್ದರಂತೆ. ಅವರ ಹೆಂಡತಿ ಬಲ್ಕೀಸ್ 1981ರಲ್ಲಿ ಬೈರೂತಿನ ಇರಾಕ್ ರಾಯಭಾರ ಕಚೇರಿಯ ಬಾಂಬಿಗೆ ಬಲಿಯಾದಾಗ ಬರೆದದ್ದನ್ನಂತೂ ಪೂರ್ತಿ ಓದಲು ಆಗಲಿಲ್ಲ.

ಪ್ಯಾಲೆಸ್ತೀನಿನ ದರ್ವೀಶ್ ಬಗ್ಗೆ ಯಾರೂ ಹೇಳಲಿಲ್ಲ?

ಹಳೇಹೊತ್ತಗೆ

ಅವರನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

ಮಹಮೂದ್ ದರ್ವೀಶ್ ಹುಟ್ಟಿದ್ದು 1941ರಲ್ಲಿ, ಗಲಿಲೀ ಸೀಮೆಯ ಅಲ್ ಬಿರ್ವಾ ಹಳ್ಳಿಯಲ್ಲಿ. 1948ರಲ್ಲಿ, ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ, ಮನೆಯವರು ಲೆಬನಾನಿಗೆ ಓಡಿದರು. ಮರುವರ್ಷ ಕದ್ದು ವಾಪಸ್ ಬಂದರೆ ಹಳ್ಳಿಯೇ ಇರಲಿಲ್ಲ, ನೆಲಸಮ ಮಾಡಿದ್ದರು. ಅರಬ್ಬೀ ಕವಿಗಳು ಹದಿನಾಲ್ಕು ಶತಮಾನ ಪಾಳು ಬಿಡಾರದ ಮುಂದೆ ಅತ್ತದ್ದು ಬಹುಮಟ್ಟಿಗೆ ಕಟ್ಟಳೆಗಾಗಿ. ಈ ಹುಡುಗನಿಗೆ ಅದು ಸ್ವಂತ ಊರು.

ಯೌವನದ 'ಬರೆದುಕೋ, ನಾನು ಅರಬ್ಬ' ಪದ್ಯ ಸಭೆಗಳಲ್ಲಿ ಬೆಂಕಿ ಹಚ್ಚುತ್ತಿತ್ತು. ಆಮೇಲೆ ಜನ ಅದನ್ನೇ ಕೇಳುತ್ತಿದ್ದರು, ಅವರಿಗೆ ಬೇಜಾರಾಗುತ್ತಿತ್ತು. ನನಗೆ ಅವರ ನಂತರದ ಬರಹ ಜಾಸ್ತಿ ಇಷ್ಟ. 1995ರ ಒಂದು ಸಂಕಲನದಲ್ಲಿ ಇಮ್ರುಲ್ ಕೈಸ್ ಜೊತೆ ಅವರ ತಕರಾರೇ ಇದೆ, ಪದ್ಯದ ತಲೆಬರಹದಲ್ಲೇ ಅವನ ಹೆಸರಿದೆ. ಇಮ್ರುಲ್ ಕೈಸ್ ಅಪ್ಪನ ಕೊಲೆಯ ಸೇಡಿಗಾಗಿ ಪರರಾಜನ ಬಾಗಿಲಿಗೆ ಹೋದವನು ಅನ್ನುವ ಕಥೆ ಉಂಟು. ಪ್ಯಾಲೆಸ್ತೀನಿ ನಾಯಕರು ಇಸ್ರೇಲ್ ಜೊತೆ ಓಸ್ಲೋ ಒಪ್ಪಂದ ಮಾಡಿಕೊಂಡ ಹೊತ್ತಿನಲ್ಲಿ ಆ ಹೆಸರು ಎತ್ತಿದರೆ ಓದುಗರಿಗೆ ಯಾರ ಬಗ್ಗೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಕೊನೆತನಕ ಅವರು ಗಣ ಬಿಡಲಿಲ್ಲ. ಸಾಲು ಗದ್ಯದ ಹಾಗೆ ಹರಿಯುತ್ತದೆ, ಕಿವಿಗೊಟ್ಟರೆ ಒಳಗೆ ತಾಳ ನಡೆಯುತ್ತಿರುತ್ತದೆ.

ತಕರಾರು

ದರ್ವೀಶ್ ವಿಷಯದಲ್ಲಿ ಒಪ್ಪುತ್ತೇನೆ. ಗದ್ಯಕವಿತೆ ವಿಷಯದಲ್ಲಿ ಒಪ್ಪಲ್ಲ. ಉನ್ಸಿ ಅಲ್ ಹಾಜ್ ಏನನ್ನು ಅರೆದು ಕುಡಿದಿದ್ದರು ಅಂತ ನೀವಿನ್ನೂ ಹೇಳಿಲ್ಲ.

ಓದುಗಿ

ನನ್ನಂಥವರು, ಅರಬ್ಬೀ ಬಾರದವರು, ಎಲ್ಲಿಂದ ಹಿಡಿಯಬೇಕು?

ಹಳೇಹೊತ್ತಗೆ

@ತಕರಾರು, ಉನ್ಸಿ ಅಲ್ ಹಾಜ್‌ಗೆ ಬೇರೆ ಎಳೆ ತೆಗೆಯಿರಿ, ಅಲ್ಲಿ ಕಾದಾಡೋಣ.

ಮೇಡಂ, ಕಾಲಾನುಕ್ರಮದಲ್ಲಿ ಓದಲು ಹೋಗಬೇಡಿ, ಎರಡನೇ ಒಂಟೆಗೇ ಸುಸ್ತಾಗುತ್ತದೆ. ಮೊದಲು 'ಮಳೆಯ ಹಾಡು' ಓದಿ, ಆಮೇಲೆ ದರ್ವೀಶ್, ಆಮೇಲೆ ಮಅರ್‍ರಿಯ ಸಣ್ಣ ಪದ್ಯಗಳು. ಇಮ್ರುಲ್ ಕೈಸ್‌ಗೆ ಅಲ್ಲಿಂದ ಹಿಂದಕ್ಕೆ ಬನ್ನಿ. ಓದುವ ಮುಂಚೆ ಒಂದು ಸಲ ಯಾರಾದರೂ ಅರಬ್ಬೀಯಲ್ಲಿ ಓದಿದ್ದನ್ನು ಕೇಳಿಸಿಕೊಳ್ಳಿ. ದರ್ವೀಶ್ ತಾವೇ ಓದಿದ ವಿಡಿಯೊಗಳು ಬೇಕಾದಷ್ಟಿವೆ.

ಕುಡ್ಲದವ

ಬುರ್ದಾ ಕೇಳುವವರು ಮಂಗಳೂರಿಗೇ ಬನ್ನಿ, ರೆಕಾರ್ಡಿಂಗ್‌ನಲ್ಲಿ ಅಷ್ಟು ಸೊಗಸಿಲ್ಲ. ಲಘುಗುರು ಸರ್, ನೀವು ಬಂದರೆ ಹಿಂದಿನ ಸಾಲಲ್ಲಿ ಕೂತು ಪ್ರಸ್ತಾರ ಹಾಕಬಹುದು. ಗಂಜಿ ಊಟ ಇರುತ್ತದೆ ಅಂತ ತಿಳಿಯಬೇಡಿ, ನೈಚೋರು, ಅಂದರೆ ತುಪ್ಪದನ್ನ ಇರುತ್ತದೆ.